ನಾಲ್ಕು ಜನ

ಜೂನ್ ಬಂತೆಂದರೆ ಕೊಯಾಯ್ಕೆಯಲ್ಲಿ
ಸಂಜೆ ಐದಕ್ಕೇ ಬೆಟ್ಟಗಳು ಹತ್ತಿರ ಸರಿದು
ಬೋಗುಣಿಯಂಥ ಊರಿಗೆ ಮುಚ್ಚಳ ಹಾಕುತ್ತವೆ.
ಒಳಗೆ ನಾವು, ನಮ್ಮ ಒಲೆ,
ಹೋಗಲು ಜಾಗವಿಲ್ಲದ ನಮ್ಮ ಹೊಗೆ.

ಮೊದಲ ವರ್ಷ ಪುರಸಭೆಯವರು
ಕರಿಗಟ್ಟಿದ ಶ್ವಾಸಕೋಶದ ಚಿತ್ರ ಅಚ್ಚು ಹಾಕಿಸಿದರು.
ಮನೆಮನೆಗೆ ಹಂಚಿದವಳು ನಾನೇ.
ಒಳ್ಳೆಯ ದಪ್ಪ ಕಾಗದ.
ದೋನ್ಯಾ ನೊಲ್ಫಾ ಅದರಿಂದಲೇ ಒಲೆ ಹೊತ್ತಿಸಿದಳು.

ಎರಡನೆಯ ವರ್ಷ ನಮ್ಮ ಸಾಹೇಬರ ಪತ್ರ:
‘ನಿಮ್ಮ ಬೀದಿಯಲ್ಲಿ ಹತ್ತಕ್ಕೆ ಏಳು ಮನೆ
ಹಸಿ ಸೌದೆ ಉರಿಸುತ್ತಿವೆ. ನಾಚಿಕೆಗೇಡು.’
ದೋನ್ ಬೌದಿಲಿಯೊ ಬಾಗಿಲಲ್ಲೇ ನಿಂತು ಓದಿದ,
ಎರಡು ಸಲ.
ಆಮೇಲೆ ಅವನ ಮುಖ ಅರಳಿದ್ದು ನೋಡಬೇಕಿತ್ತು.
‘ಏಳು ಮನೆಯೆ! ನಾನೊಬ್ಬನೇ ಅಂದುಕೊಂಡಿದ್ದೆ.’
ಆ ವಾರ ಎದುರುಮನೆ ಕಾಣಲಿಲ್ಲ.

ಮೂರನೆಯ ವರ್ಷ ಫ್ರೆಸಿಯಾ ಬಂದಳು, ಸಾಂತಿಯಾಗೊದಿಂದ,
ಮನಶ್ಶಾಸ್ತ್ರ ಓದಿದವಳು,
ಈ ಊರಿನ ಚಳಿಗೆ ಸಾಲದ ಕೋಟು.
ಹಳೆಯ ಪತ್ರ ಓದಿ ನಕ್ಕಳು, ಕೆಮ್ಮು ಬರುವಷ್ಟು.
‘ಮಂದೆ ಎಲ್ಲಿದೆಯೆಂದು ಕುರಿಗೆ ನೀವೇ ತೋರಿಸಿದ್ದೀರಿ.’
ಶ್ವಾಸಕೋಶದ ಮಾತೇ ಎತ್ತಲಿಲ್ಲ ಅವಳು.
ಕೇಳಿದ್ದು ಒಂದೇ:
ಇಲ್ಲಿ ಯಾರು ನೋಡಿದರೆ ಯಾರಿಗೆ ಮುಜುಗರ?
ಗುಮಾಸ್ತೆಗೆ ಇದಕ್ಕಿಂತ ಸುಲಭದ ಪ್ರಶ್ನೆ ಉಂಟೆ?
ಇಡೀ ಪುಟ ಬರೆದುಕೊಟ್ಟೆ.

ಜನವರಿಯಲ್ಲಿ, ಬಿಸಿಲು ಇರುವಾಗಲೇ,
ಕೆಂಪು ಉಣ್ಣೆಯ ಉಂಡೆ ಹಿಡಿದು ಹೊರಟೆವು.
ಏನೂ ಮಾಡಬೇಡಿ, ಈ ದಾರವನ್ನು ಗೇಟಿಗೆ ಕಟ್ಟಿ, ಅಷ್ಟೇ:
‘ಈ ಮನೆಯಲ್ಲಿ ಸೌದೆ ಒಣಗುತ್ತಿದೆ’ ಅಂತ ಗುರುತು.
ಬೌದಿಲಿಯೊ ತಕ್ಷಣ ಕಟ್ಟಿದ. ಪುಕ್ಕಟೆ ದಾರ.
ಅವನ ಲೆಂಗಾ ಸೌದೆ ಮಾತ್ರ ಹಿತ್ತಲಲ್ಲಿ
ಬಿದ್ದಲ್ಲೇ ಬಿದ್ದಿತ್ತು, ನೆನೆದ ನಾಯಿಯ ಹಾಗೆ.

ಹದಿನೈದು ದಿನವಾಗಿರಬಹುದು.
ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿ
ತಗಡಿನ ಕೆಳಗೆ ಒಂದೊಂದೇ ತುಂಡು ಜೋಡಿಸುತ್ತಿದ್ದ,
ನಡುವೆ ಗಾಳಿಗೆ ಸಂದು ಬಿಟ್ಟು.
ನನ್ನನ್ನು ಕಂಡು ಟಾರ್ಚು ತೆಗೆದು ಬೈದ:
‘ಗೇಟು ಒಂದು ಹೇಳೋದು, ಹಿತ್ತಲು ಇನ್ನೊಂದು ಹೇಳೋದು,
ನಿದ್ದೆ ಹೇಗೆ ಬರಬೇಕು ಮನುಷ್ಯನಿಗೆ?’

ಮಾತೆ ಹೀರುತ್ತ ಫ್ರೆಸಿಯಾಳನ್ನು ಕೇಳಿದೆ,
ಇದು ಒಂಥರಾ ಮೋಸ ಅಲ್ಲವೆ ಎಂದು.
ಬುರುಡೆಯ ತಳ ಗೊರಗುಟ್ಟುವ ತನಕ ಎಳೆದು ಅಂದಳು:
‘ಹಸಿ ಸೌದೆ ಮಾರುವವನೂ ಮನಸ್ಸು ಓದಿದ್ದಾನೆ.
ನಾನು ಸುಳ್ಳು ಬರೆಯುವುದಿಲ್ಲ. ಅಷ್ಟೇ ವ್ಯತ್ಯಾಸ.’
ಮೇ ತಿಂಗಳ ಪತ್ರದಲ್ಲಿ ಎಣಿಸಿಯೇ ಬರೆದಳು:
ಕಳೆದ ಸಲ ಮೂರು ಮನೆ, ಈ ಸಲ ಐದು.

ಐದು. ಹತ್ತರಲ್ಲಿ ಇನ್ನೈದು ಉಳಿದವು.
ಕೊನೆಯದು ಇಸ್ಮೇನಿಯಾಳ ಮನೆ.
ಅವಳು ದಿನಗೂಲಿ ಸಿಕ್ಕಿದ ದಿನ ಒಂದು ಚೀಲ ಸೌದೆ ಕೊಳ್ಳುವವಳು,
ಹಸಿಯದೇ, ಅಗ್ಗದ್ದೇ.
ಒಣಗಿಸಲು ಬೇಸಿಗೆ ಬೇಕು, ತಗಡು ಬೇಕು,
ಮೊದಲೇ ಕೊಟ್ಟಿಡಲು ದುಡ್ಡು ಬೇಕು.
ಬರಿಯ ಗೇಟು ಅವಳದು.
ಮೊದಲು ಯಾರೂ ನೋಡದಿದ್ದ ಆ ಗೇಟನ್ನು
ಈಗ ಹೋಗಿ ಬರುವ ನಾಲ್ಕು ಜನ ನೋಡಿಯೇ ಹೋಗುತ್ತಾರೆ.
ನಾನು ಪತ್ರ ಕೊಡಹೋದಾಗ
ಬಾಗಿಲು ಒಂದು ಕೈ ಅಗಲವಷ್ಟೇ ತೆರೆಯಿತು.
ಆ ಒಂದು ಕೈ ಅಗಲಕ್ಕೆ
ಫ್ರೆಸಿಯಾಳ ನೋಟುಬುಕ್ಕಿನಲ್ಲಿ ಅಂಕಣ ಇರಲಿಲ್ಲ.

ಅವಳು ಆಗಸ್ಟಿನಲ್ಲಿ ವಾಪಸು ಹೋದಳು. ಒಳ್ಳೆಯ ಹುಡುಗಿ.
ಅದೇ ವಾರ ಒಂದು ರಾತ್ರಿ
ನನ್ನ ರಾಶಿಯಿಂದ ಎರಡು ಚೀಲ, ಬಡಿದರೆ ಠಣ್ಣೆನ್ನುವಂಥದು,
ಇಸ್ಮೇನಿಯಾಳ ಮೆಟ್ಟಿಲ ಮೇಲಿಟ್ಟು ಬಂದೆ.
ದೀಪವಿರಲಿಲ್ಲ. ದಾರ ಕಟ್ಟಲಿಲ್ಲ. ಬಾಗಿಲು ತಟ್ಟಲಿಲ್ಲ.
ನಾಯಿಯೂ ಬೊಗಳಲಿಲ್ಲ.

ಯಾರೂ ನೋಡದೆ ಮಾಡಿದ್ದು ಅಂತ
ಮನೆಯ ತನಕ ನನ್ನ ಬೆನ್ನು ನಾನೇ ತಟ್ಟಿಕೊಂಡೆ.
ಹಾಸಿಗೆಯಲ್ಲಿ ಮಾತ್ರ ಒಂದೇ ತಳಮಳ,
ನಾಲ್ಕು ಜನಕ್ಕೆ ಗೊತ್ತಾಗಬಾರದಿತ್ತೆ.

ನೋಡಿ, ಹೇಳಿಯೇಬಿಟ್ಟೆ.